‘ಮತ್ತು’ ಎಲ್ಲಿ, ‘ಅಥವಾ’ ಎಲ್ಲಿ? ಜೋಡಿ ಅಸಮತೆಗಳನ್ನು ಬಿಡಿಸುವ ಬಗೆ

ಪ್ರಶ್ನೆ: ಎಸ್ಎಸ್ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ರಥಮ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದ್ದೇನೆ. ಸಮೀಕರಣಗಳನ್ನು ಬಿಡಿಸುವುದು ಕಷ್ಟವಲ್ಲ, ಆದರೆ ಅಸಮತೆಗಳಲ್ಲಿ ಮತ್ತೆ ಮತ್ತೆ ಎಡವುತ್ತೇನೆ. ಕಿರುಪರೀಕ್ಷೆಯಲ್ಲಿ ‘2ಯ + 1 < 7 ಅಥವಾ 3ಯ − 4 > 17’ ಎಂಬ ಲೆಕ್ಕ ಬಂದಿತ್ತು. ಯ < 3, ಯ > 7 ಎಂದು ಬಿಡಿಸಿ, ಕೊನೆಯಲ್ಲಿ 7 < ಯ < 3 ಎಂದು ಬರೆದೆ. ಅಂಕ ಸಿಗಲಿಲ್ಲ. ಎರಡೂ ಭಾಗ ಸರಿಯಿದ್ದ ಮೇಲೆ ಉತ್ತರ ಹೇಗೆ ತಪ್ಪಾಯಿತು? ಚಿಹ್ನೆಯನ್ನು ಯಾವಾಗ ತಿರುಗಿಸಬೇಕು, ಸಂಖ್ಯಾರೇಖೆಯ ಮೇಲೆ ಯಾವಾಗ ತುಂಬಿದ ಚುಕ್ಕೆ, ಯಾವಾಗ ಖಾಲಿ ಚುಕ್ಕೆ ಇಡಬೇಕು ಎಂಬುದನ್ನೂ ತಿಳಿಸಿ.

ಉತ್ತರ: ನಿಮ್ಮ ಬೀಜಗಣಿತ ಸರಿಯಾಗಿಯೇ ಇದೆ. ತಪ್ಪಿದ್ದು ಕೊನೆಯ ಸಾಲು ಮಾತ್ರ. ಆದರೆ ಉತ್ತರ ಇರುವುದು ಆ ಸಾಲಿನಲ್ಲೇ ಆದ್ದರಿಂದ ಅಂಕ ಕೊಡದವರನ್ನು ದೂರುವಂತಿಲ್ಲ. 7 < ಯ < 3 ಎಂದು ಬರೆದಿರಲ್ಲ, ಅದನ್ನು ಒಮ್ಮೆ ಬಾಯಿಬಿಟ್ಟು ಓದಿ: ‘ಯ ಏಳಕ್ಕಿಂತ ಹೆಚ್ಚು, ಮತ್ತು ಅದೇ ಯ ಮೂರಕ್ಕಿಂತ ಕಡಿಮೆ.’ ಅಂಥ ಸಂಖ್ಯೆ ಇದೆಯೇ? ಎಲ್ಲೂ ಇಲ್ಲ. ಇನ್ನು ಪ್ರಶ್ನೆಯನ್ನು ನೋಡಿ. ಅಲ್ಲಿ 0 ಸರಿಹೊಂದುತ್ತದೆ, 2 ಸರಿಹೊಂದುತ್ತದೆ, 10 ಸರಿಹೊಂದುತ್ತದೆ, 100 ಕೂಡ ಸರಿಹೊಂದುತ್ತದೆ. ಲೆಕ್ಕಕ್ಕೆ ಎಣಿಸಲಾರದಷ್ಟು ಪರಿಹಾರಗಳಿದ್ದವು. ನೀವು ಬರೆದ ಸಾಲಿಗೆ ಒಂದೂ ಇಲ್ಲ.

(ಅಜ್ಞಾತ ಸಂಖ್ಯೆಗೆ ನೀವು ಬಳಸಿದ ‘ಯ’ವನ್ನೇ ನಾನೂ ಬಳಸುತ್ತೇನೆ. ಪಠ್ಯಪುಸ್ತಕದ ಎಕ್ಸ್ ಜಾಗದಲ್ಲಿ ಅದನ್ನು ಇಟ್ಟುಕೊಳ್ಳಿ. ಭಾಸ್ಕರಾಚಾರ್ಯರೂ ಅಜ್ಞಾತ ರಾಶಿಯನ್ನು ‘ಯಾವತ್ತಾವತ್’ ಎಂದು ಕರೆದು ‘ಯಾ’ ಎಂದು ಚಿಕ್ಕದಾಗಿ ಗುರುತಿಸುತ್ತಿದ್ದರು, ಹಾಗಾಗಿ ನಿಮ್ಮ ಆಯ್ಕೆ ಒಳ್ಳೆಯ ಸಹವಾಸದಲ್ಲೇ ಇದೆ.)

ಒಂದೇ ಸಾಲಿನಲ್ಲಿ ಎರಡು ಚಿಹ್ನೆ ಹಾಕಿ ಬರೆಯುವ ರೂಪವನ್ನು ಸರಪಳಿ ರೂಪ ಎನ್ನೋಣ. ಆ ರೂಪದೊಳಗೆ ಒಂದು ‘ಮತ್ತು’ ಅಡಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. 3 < ಯ < 7 ಎಂದರೆ ‘3 < ಯ ಮತ್ತು ಯ < 7’. ಈ ರೂಪದ ಅತ್ಯಂತ ಪ್ರಸಿದ್ಧ ಸಾಲನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಆರ್ಕಿಮಿಡೀಸ್ ಕಂಡುಕೊಂಡಿದ್ದ. ವೃತ್ತದ ಒಳಗೊಂದು, ಹೊರಗೊಂದು 96 ಬಾಹುಗಳ ಬಹುಭುಜಾಕೃತಿ ಇಟ್ಟು ಅವುಗಳ ಸುತ್ತಳತೆಯ ಲೆಕ್ಕ ಹಾಕಿದ. ಪೈ ಬೆಲೆ 223/71ಕ್ಕಿಂತ ಹೆಚ್ಚು, 22/7ಕ್ಕಿಂತ ಕಡಿಮೆ ಎಂದು ಸಾಧಿಸಿದ. ಇಂದಿನ ಬರಹದಲ್ಲಿ ಅದು 223/71 < π < 22/7. ಪ್ರೌಢಶಾಲೆಯಲ್ಲಿ ಪೈ ಎಂದರೆ 22/7 ಎಂದೇ ಉರು ಹೊಡೆದವರು ಈ ಸಾಲಿನ ಬಲಗಡೆಯ ಚಿಹ್ನೆಯನ್ನು ನೋಡಬೇಕು. ಅಲ್ಲಿ ಸಮ ಚಿಹ್ನೆ ಇಲ್ಲ. 22/7 ಪೈಯ ಮೇಲಿನ ಎಲ್ಲೆ ಮಾತ್ರ. ಆರ್ಕಿಮಿಡೀಸನ ಬಳಿ ಈ ಚಿಹ್ನೆಗಳು ಇರಲಿಲ್ಲ, ಮಾತಿನಲ್ಲೇ ಹೇಳಿದ. < ಮತ್ತು > ಮೊದಲು ಅಚ್ಚಾದದ್ದು ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಪುಸ್ತಕದಲ್ಲಿ, 1631ರಲ್ಲಿ, ಅವನು ತೀರಿಕೊಂಡು ಹತ್ತು ವರ್ಷವಾದ ಮೇಲೆ. ಚಿಹ್ನೆ ಬರುವ ಮೊದಲು ಇದೆಲ್ಲ ಮಾತಾಗಿತ್ತು ಎಂಬುದನ್ನು ಮರೆಯದಿದ್ದರೆ ಅರ್ಧ ತೊಂದರೆ ಕಳೆಯುತ್ತದೆ. ಚಿಹ್ನೆಗಳನ್ನು ಮಾತಿಗೆ ತಿರುಗಿಸಿ ಓದಲು ಬಾರದವರು ಈ ಅಧ್ಯಾಯದಲ್ಲಿ ಎಡವುತ್ತಲೇ ಇರುತ್ತಾರೆ.

ಸರಪಳಿಗೆ ಎರಡು ಷರತ್ತು. ಚಿಹ್ನೆಗಳೆರಡೂ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು. ನಡುವಿನದನ್ನು ಮುಚ್ಚಿ ಎರಡು ತುದಿಗಳನ್ನು ಮಾತ್ರ ಓದಿದಾಗಲೂ ಮಾತು ನಿಜವಾಗಿರಬೇಕು. 7 < ಯ < 3ರಲ್ಲಿ ಯ ಮುಚ್ಚಿದರೆ 7 < 3 ಉಳಿಯುತ್ತದೆ. ಅದು ಸುಳ್ಳು, ಇನ್ನು ಮುಂದೆ ನೋಡುವ ಅಗತ್ಯವೇ ಇಲ್ಲ. ‘ಅಥವಾ’ದಿಂದ ಸೇರಿದ ಎರಡು ತುಂಡುಗಳನ್ನು ಸರಪಳಿಯಾಗಿ ಬರೆಯಲು ಬರುವುದೇ ಇಲ್ಲ. ನಿಮ್ಮ ಲೆಕ್ಕದ ಉತ್ತರ ‘ಯ < 3 ಅಥವಾ ಯ > 7’, ಅಷ್ಟೇ. ಅದನ್ನು ಚಿಕ್ಕದಾಗಿ ಬರೆಯುವ ಆಸೆ ಬೇಡ.

ಈ ಗೊಂದಲ ಎಲ್ಲಿಂದ ಬರುತ್ತದೆ ಎಂದರೆ, ದಿನಬಳಕೆಯಲ್ಲಿ ನಾವು ‘ಮತ್ತು’ ಪದವನ್ನು ಸಡಿಲವಾಗಿ ಬಳಸುತ್ತೇವೆ. ‘ಐದು ವರ್ಷದ ಕೆಳಗಿನವರಿಗೆ ಮತ್ತು ಎಪ್ಪತ್ತು ದಾಟಿದವರಿಗೆ ಪ್ರವೇಶ ಉಚಿತ’ ಎಂಬ ಫಲಕ ಎಲ್ಲಾದರೂ ಇದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಒಬ್ಬನೇ ಮನುಷ್ಯ ಐದರ ಕೆಳಗೂ ಎಪ್ಪತ್ತರ ಮೇಲೂ ಇರಲಾರ. ಆ ಫಲಕದ ‘ಮತ್ತು’ ಗಣಿತದಲ್ಲಿ ‘ಅಥವಾ’ ಆಗುತ್ತದೆ. ವಯಸ್ಸನ್ನು ವ ಎಂದರೆ, ವ < 5 ಅಥವಾ ವ > 70. ಫಲಕ ಎರಡು ಗುಂಪುಗಳನ್ನು ಸೇರಿಸಿ ಹೇಳುತ್ತಿದೆ. ಗಣಿತ ಒಂದು ಸಂಖ್ಯೆಯನ್ನು ಮುಂದಿಟ್ಟುಕೊಂಡು ‘ಇದು ಹೊಂದುತ್ತದೆಯೇ’ ಎಂದು ಕೇಳುತ್ತದೆ. ಹೇಳಿಕೆ ಲೆಕ್ಕಗಳಲ್ಲಿ ವಾಕ್ಯದಲ್ಲಿರುವ ಪದವನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಒಂದೇ ಸಂಖ್ಯೆ ಎರಡೂ ಷರತ್ತು ಪೂರೈಸಬೇಕೋ, ಒಂದನ್ನು ಪೂರೈಸಿದರೆ ಸಾಕೋ ಎಂದು ಕೇಳಿಕೊಳ್ಳಿ.

ಚುಕ್ಕೆಗಳ ವಿಷಯಕ್ಕೆ ಹೆಚ್ಚು ಮಾತು ಬೇಡ. ಎಲ್ಲೆಯ ಸಂಖ್ಯೆಯೂ ಪರಿಹಾರವಾಗಿದ್ದರೆ ತುಂಬಿದ ಚುಕ್ಕೆ, ಇಲ್ಲವಾದರೆ ಖಾಲಿ ಚುಕ್ಕೆ. ಭಾರತೀಯ ರೈಲ್ವೆಯಲ್ಲಿ ಐದು ವರ್ಷ ತುಂಬಿದ, ಹನ್ನೆರಡು ತುಂಬದ ಮಕ್ಕಳಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಅರ್ಧ ದರ. ‘ತುಂಬಿದ’, ‘ತುಂಬದ’ ಎಂಬ ಎರಡು ಪದಗಳಲ್ಲೇ ಎರಡು ಚಿಹ್ನೆಗಳಿವೆ: 5 ≤ ವ < 12. ಐದನೆಯ ಹುಟ್ಟುಹಬ್ಬದ ದಿನ ಪ್ರಯಾಣಿಸುವ ಮಗು ಈ ಸಾಲಿಗೆ ಸೇರುತ್ತದೆ, ಹನ್ನೆರಡನೆಯ ಹುಟ್ಟುಹಬ್ಬದ ದಿನ ಪ್ರಯಾಣಿಸುವ ಮಗು ಸೇರುವುದಿಲ್ಲ. 5ರ ಮೇಲೆ ತುಂಬಿದ ಚುಕ್ಕೆ, 12ರ ಮೇಲೆ ಖಾಲಿ ಚುಕ್ಕೆ, ನಡುವೆ ದಪ್ಪ ಗೆರೆ.

≤ ಎಂಬ ಚಿಹ್ನೆಯೇ ಒಂದು ಪುಟ್ಟ ಜೋಡಿ ಅಸಮತೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಅದರ ಅರ್ಥ ‘ಕಡಿಮೆ ಅಥವಾ ಸಮ’. ‘5 ≤ 5 ಹೇಗೆ ನಿಜವಾಗುತ್ತದೆ, ಐದು ಐದಕ್ಕಿಂತ ಕಡಿಮೆಯೇ?’ ಎಂದು ತರಗತಿಯಲ್ಲಿ ಯಾರಾದರೂ ಕೇಳಿದರೆ ನನಗೆ ಸಂತೋಷವಾಗುತ್ತದೆ. ಅದು ಸರಿಯಾದ ಜಾಗದಲ್ಲಿ ಎದ್ದ ಪ್ರಶ್ನೆ. ಎರಡರಲ್ಲಿ ಒಂದು ನಿಜವಾದರೆ ‘ಅಥವಾ’ಕ್ಕೆ ಸಾಕು. ಎರಡೂ ನಿಜವಾದರೂ ಅಡ್ಡಿಯಿಲ್ಲ. ‘ಕಾಫಿ ಅಥವಾ ಟೀ’ ಎಂದಾಗ ಎರಡನ್ನೂ ಕೇಳುವಂತಿಲ್ಲ. ಗಣಿತದ ‘ಅಥವಾ’ ಅಷ್ಟು ಜಿಪುಣವಲ್ಲ.

ಈಗ ಚಿಹ್ನೆ ತಿರುಗಿಸುವ ಮಾತು. ‘ಋಣ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಚಿಹ್ನೆ ತಿರುಗುತ್ತದೆ’ ಎಂದು ಬಾಯಿಪಾಠ ಮಾಡಿಸುವ ರೂಢಿ ಇದೆ. ನಿಯಮ ಸರಿ. ಆದರೆ ಕಾರಣ ತಿಳಿಯದೆ ಕಲಿತವರು ಎಲ್ಲೇ ಋಣ ಚಿಹ್ನೆ ಕಂಡರೂ ತಿರುಗಿಸಿಬಿಡುತ್ತಾರೆ. 2ಯ < −6 ಕೊಟ್ಟರೆ ಯ > −3 ಎಂದು ಬರೆಯುವವರನ್ನು ಪ್ರತಿ ವರ್ಷವೂ ನೋಡುತ್ತೇನೆ. ಇಲ್ಲಿ ಭಾಗಿಸಿದ್ದು 2ರಿಂದ, ಅದು ಧನ ಸಂಖ್ಯೆ. ಬಲಗಡೆಯ −6 ಋಣವಾಗಿದ್ದರೆ ಅದರಿಂದ ಏನೂ ಆಗಬೇಕಿಲ್ಲ. ಉತ್ತರ ಯ < −3.

ಕಾರಣ ಇಷ್ಟು. ಸಂಖ್ಯಾರೇಖೆಯಲ್ಲಿ 2 ಎಡಕ್ಕಿದೆ, 5 ಬಲಕ್ಕಿದೆ. ಆದ್ದರಿಂದ 2 < 5. ಎರಡನ್ನೂ −1ರಿಂದ ಗುಣಿಸಿದರೆ ಸೊನ್ನೆಯ ಬಳಿ ಕನ್ನಡಿ ಹಿಡಿದಂತೆ ಇಡೀ ರೇಖೆ ಮಗುಚುತ್ತದೆ. ಸೊನ್ನೆಯಿಂದ ಹೆಚ್ಚು ಬಲಕ್ಕಿದ್ದದ್ದು ಈಗ ಹೆಚ್ಚು ಎಡಕ್ಕೆ ಹೋಗುತ್ತದೆ. −5 ಎಡಕ್ಕೆ, −2 ಬಲಕ್ಕೆ, ಅಂದರೆ −2 > −5. ಕೂಡುವಾಗ, ಕಳೆಯುವಾಗ ಹೀಗಾಗುವುದಿಲ್ಲ. ಆಗ ಎರಡೂ ಸಂಖ್ಯೆಗಳು ಒಂದೇ ದಿಕ್ಕಿಗೆ ಒಂದೇ ದೂರ ಸರಿಯುತ್ತವೆ, ಯಾರು ಮುಂದೆ ಯಾರು ಹಿಂದೆ ಎಂಬುದು ಬದಲಾಗುವುದಿಲ್ಲ. ಧನ ಸಂಖ್ಯೆಯಿಂದ ಗುಣಿಸಿದರೂ ರೇಖೆ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಮಗುಚುವುದಿಲ್ಲ.

ಒಂದು ಲೆಕ್ಕವನ್ನು ಪೂರ್ತಿ ಬಿಡಿಸೋಣ.

−5 < 3 − 2ಯ ≤ 11

ಇದು ಸರಪಳಿ, ಆದ್ದರಿಂದ ‘ಮತ್ತು’. ಯ ಇರುವುದು ನಡುವೆ ಮಾತ್ರ. ಇಂಥಲ್ಲಿ ಬಿಡಿಸಿ ಎರಡು ಮಾಡಬೇಕಿಲ್ಲ, ಮೂರು ಭಾಗಗಳಿಗೂ ಒಂದೇ ಕ್ರಿಯೆ ಮಾಡುತ್ತ ಹೋದರಾಯಿತು. ಮೂರರಲ್ಲೂ 3 ಕಳೆಯಿರಿ:

−8 < −2ಯ ≤ 8

ಮೂರನ್ನೂ −2ರಿಂದ ಭಾಗಿಸಿ. ಈಗ ರೇಖೆ ಮಗುಚುತ್ತದೆ, ಎರಡೂ ಚಿಹ್ನೆಗಳು ತಿರುಗುತ್ತವೆ:

4 > ಯ ≥ −4

ಇದು ತಪ್ಪಲ್ಲ. ಆದರೆ ಚಿಕ್ಕ ಸಂಖ್ಯೆ ಎಡಕ್ಕೆ, ದೊಡ್ಡದು ಬಲಕ್ಕೆ ಇರುವಂತೆ ಬರೆದರೆ ಸಂಖ್ಯಾರೇಖೆಗೂ ಬರಹಕ್ಕೂ ಹೊಂದಿಕೆಯಾಗುತ್ತದೆ. ಬಲದಿಂದ ಎಡಕ್ಕೆ ಓದಿ ಬರೆಯಿರಿ:

−4 ≤ ಯ < 4

ಎಡವುವುದು ಈ ಕೊನೆಯ ಹೆಜ್ಜೆಯಲ್ಲೇ. ಸಂಖ್ಯೆಗಳನ್ನು ಅದಲುಬದಲು ಮಾಡುವ ಭರದಲ್ಲಿ ಸಮದ ಅಡಿಗೆರೆ ಮೊದಲಿದ್ದ ಜಾಗದಲ್ಲೇ ಉಳಿದು −4 < ಯ ≤ 4 ಆಗಿಬಿಡುತ್ತದೆ. ಅಡಿಗೆರೆ ಯಾವ ಸಂಖ್ಯೆಗೆ ಅಂಟಿತ್ತು ಎಂದು ನೋಡಿ. ಅದು −4ಕ್ಕೆ ಅಂಟಿತ್ತು, ಎಲ್ಲಿಗೆ ಹೋದರೂ −4ರ ಜೊತೆಗೇ ಹೋಗಬೇಕು. ಚಿತ್ರ ಹೀಗೆ:

◄────●━━━━━━━━━━━━━━○────►
    −4              4

ತಾಳೆ ನೋಡಲು ಎರಡು ಎಲ್ಲೆಗಳನ್ನೂ ನಡುವಿನ ಒಂದು ಸಂಖ್ಯೆಯನ್ನೂ ಮೂಲ ಲೆಕ್ಕದಲ್ಲಿ ಹಾಕಿ. ಯ = −4 ಆದರೆ 3 − 2ಯ = 11; 11 ≤ 11 ನಿಜ, ಚುಕ್ಕೆ ತುಂಬಿರುವುದು ಸರಿ. ಯ = 4 ಆದರೆ −5; −5 < −5 ಸುಳ್ಳು, ಚುಕ್ಕೆ ಖಾಲಿ ಇರುವುದು ಸರಿ. ಯ = 0 ಆದರೆ 3; ಅದು −5ಕ್ಕೂ 11ಕ್ಕೂ ನಡುವೆ ಇದೆ, ದಪ್ಪ ಗೆರೆ ಒಳಗಡೆ ಎಳೆದಿರುವುದು ಸರಿ. ಅರ್ಧ ನಿಮಿಷದ ಕೆಲಸ. ಸಮೀಕರಣ ಬಿಡಿಸಿದಾಗ ಉತ್ತರವನ್ನು ಹಾಕಿ ನೋಡುವ ಮಕ್ಕಳು ಅಸಮತೆ ಬಂದಾಗ ಏಕೆ ಬಿಟ್ಟುಬಿಡುತ್ತಾರೋ ನನಗೆ ಅರ್ಥವಾಗಿಲ್ಲ.

ಋಣದಿಂದ ಭಾಗಿಸಲು ಭಯವಿದ್ದರೆ ಬೇರೆ ದಾರಿಯೂ ಇದೆ. ಮೇಲಿನ ಲೆಕ್ಕವನ್ನು −5 < 3 − 2ಯ ಮತ್ತು 3 − 2ಯ ≤ 11 ಎಂದು ಎರಡು ಮಾಡಿ. ಮೊದಲನೆಯದರಲ್ಲಿ 2ಯ ಎರಡೂ ಕಡೆ ಕೂಡಿ, 5 ಕೂಡಿ: 2ಯ < 8, ಯ < 4. ಎರಡನೆಯದರಲ್ಲಿ 2ಯ ಕೂಡಿ, 11 ಕಳೆಯಿರಿ: −8 ≤ 2ಯ, −4 ≤ ಯ. ಚಿಹ್ನೆ ಒಮ್ಮೆಯೂ ತಿರುಗಲಿಲ್ಲ, ಉತ್ತರ ಅದೇ ಬಂತು. ಸ್ವಲ್ಪ ಉದ್ದ, ಆದರೆ ತಪ್ಪು ಕಡಿಮೆ. ಪರೀಕ್ಷೆಯಲ್ಲಿ ಕೈ ನಡುಗುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಯ ಮೂರು ಭಾಗಗಳಲ್ಲೂ ಇದ್ದರೆ ಬಿಡಿಸಿ ಎರಡು ಮಾಡುವುದೇ ದಾರಿ.

2ಯ − 1 < ಯ + 4 ≤ 3ಯ + 10

ಇಲ್ಲಿ ಮೂರರಿಂದಲೂ ಏನನ್ನು ಕಳೆದರೂ ಯ ನಡುವಿನ ಭಾಗದಲ್ಲಷ್ಟೇ ಉಳಿಯುವಂತಾಗುವುದಿಲ್ಲ. ಎಡಗಡೆಯ ಜೋಡಿ 2ಯ − 1 < ಯ + 4. ಇದರಿಂದ ಯ < 5. ಬಲಗಡೆಯ ಜೋಡಿ ಯ + 4 ≤ 3ಯ + 10. ಇದರಿಂದ −6 ≤ 2ಯ, ಅಂದರೆ ಯ ≥ −3. ಎರಡೂ ಬೇಕು: −3 ≤ ಯ < 5. ಮೊದಲ ಭಾಗವನ್ನೂ ಮೂರನೆಯ ಭಾಗವನ್ನೂ ಹೋಲಿಸಿ 2ಯ − 1 < 3ಯ + 10 ಎಂದು ಬರೆದು ಇನ್ನೊಂದು ಉತ್ತರ ಹುಡುಕುವವರಿದ್ದಾರೆ. ಅದು ಉಳಿದ ಎರಡರಿಂದ ತಾನಾಗಿ ಬರುವ ಮಾತು, ಬೇರೆಯಾಗಿ ಬಿಡಿಸಿದರೆ ಶ್ರಮ ಮಾತ್ರ.

ನಕ್ಷೆ ಬರೆಯುವಾಗ ಒಂದೇ ರೇಖೆಯ ಮೇಲೆ ಎಲ್ಲವನ್ನೂ ತುರುಕಬೇಡಿ. ಮೊದಲ ಅಸಮತೆಗೆ ಒಂದು ಸಂಖ್ಯಾರೇಖೆ, ಅದರ ಕೆಳಗೆ ಎರಡನೆಯದಕ್ಕೆ ಇನ್ನೊಂದು, ಅಂಕಿಗಳು ಒಂದರ ಕೆಳಗೊಂದು ನೇರವಾಗಿ ಬರಲಿ. ಮೂರನೆಯ ರೇಖೆ ಉತ್ತರಕ್ಕೆ. ‘ಮತ್ತು’ ಇದ್ದರೆ ಮೇಲಿನ ಎರಡೂ ರೇಖೆಗಳಲ್ಲಿ ಮಸಿ ಬಿದ್ದ ಭಾಗವನ್ನಷ್ಟೇ ಕೆಳಗೆ ಇಳಿಸಿ. ‘ಅಥವಾ’ ಇದ್ದರೆ ಯಾವುದಾದರೂ ಒಂದರಲ್ಲಿ ಮಸಿ ಬಿದ್ದಿದ್ದರೂ ಇಳಿಸಿ. ಗಣಗಳ ಅಧ್ಯಾಯದಲ್ಲಿ ಓದಿದ ಛೇದನ, ಸಂಯೋಗ ಎಂಬವು ಇವೇ. ನಿಮ್ಮ ಲೆಕ್ಕದ ನಕ್ಷೆ ಎರಡು ತುಂಡಾಗಿ ಬರುತ್ತದೆ:

◄━━━━━━○────────────○━━━━━━►
       3            7

ನಡುವಿನ ಜಾಗ ಖಾಲಿ. ಅಂತರಾಳದ ರೂಪದಲ್ಲಿ ಬರೆಯಲು ಹೇಳಿದರೆ (−∞, 3) ∪ (7, ∞). ಮೊದಲು ಪೂರ್ತಿ ಬಿಡಿಸಿದ ಲೆಕ್ಕದ್ದು [−4, 4). ಚೌಕ ಆವರಣ ತುಂಬಿದ ಚುಕ್ಕೆಗೆ, ದುಂಡು ಆವರಣ ಖಾಲಿ ಚುಕ್ಕೆಗೆ. ಅನಂತದ ಪಕ್ಕ ಎಂದೂ ಚೌಕ ಆವರಣ ಬರುವುದಿಲ್ಲ, ಏಕೆಂದರೆ ಅಲ್ಲಿ ಮುಟ್ಟಬಹುದಾದ ಸಂಖ್ಯೆಯೇ ಇಲ್ಲ.

ಇನ್ನು ಅದೇ 3 ಮತ್ತು 7ನ್ನು ಇಟ್ಟುಕೊಂಡು ಪದವನ್ನೂ ಚಿಹ್ನೆಯನ್ನೂ ಬದಲಿಸುತ್ತ ಹೋಗಿ. ಇದು ನನ್ನ ಮೆಚ್ಚಿನ ಅಭ್ಯಾಸ. ‘ಯ > 3 ಮತ್ತು ಯ < 7’ ಎಂದರೆ ನಡುವಿನ ತುಂಡು. ‘ಯ > 3 ಅಥವಾ ಯ < 7’ ಎಂದರೆ ಇಡೀ ರೇಖೆ: 3ನ್ನು ಮೀರದ ಸಂಖ್ಯೆ ಹೇಗೂ 7ಕ್ಕಿಂತ ಕಡಿಮೆ, ಆದ್ದರಿಂದ ತಪ್ಪಿಸಿಕೊಳ್ಳುವ ಸಂಖ್ಯೆಯೇ ಇಲ್ಲ. ‘ಯ < 3 ಮತ್ತು ಯ > 7’ ಎಂದರೆ ಶೂನ್ಯ ಗಣ. ನೀವು ಗೊತ್ತಿಲ್ಲದೆ ಬರೆದದ್ದು ಇದನ್ನೇ. ‘ಯ > 3 ಮತ್ತು ಯ > 7’ ಎಂದರೆ ಯ > 7 ಮಾತ್ರ ಉಳಿಯುತ್ತದೆ, ‘ಯ > 3 ಅಥವಾ ಯ > 7’ ಎಂದರೆ ಯ > 3. ಕೊನೆಯ ಎರಡರಲ್ಲಿ ಮಕ್ಕಳು ಉತ್ತರವನ್ನು ಅದಲುಬದಲು ಮಾಡುತ್ತಾರೆ. 5ನ್ನು ಹಾಕಿ ನೋಡಿ, ಅದು ತೀರ್ಪು ಕೊಡುತ್ತದೆ.

‘ಪರಿಹಾರವಿಲ್ಲ’ ಎಂಬುದೂ ಪೂರ್ಣ ಉತ್ತರ, ‘ಎಲ್ಲ ವಾಸ್ತವ ಸಂಖ್ಯೆಗಳೂ ಪರಿಹಾರ’ ಎಂಬುದೂ ಪೂರ್ಣ ಉತ್ತರ. ಇಂಥ ಉತ್ತರ ಬಂದಾಗ ಹೆದರಿ ಲೆಕ್ಕವನ್ನು ಹೊಡೆದುಹಾಕುವವರು ಕಡಿಮೆಯಿಲ್ಲ.

ಇವು ಪರೀಕ್ಷೆಗಷ್ಟೇ ಹುಟ್ಟಿದ ಲೆಕ್ಕಗಳಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆಗಳನ್ನು ಇಡುವ ಶೀತಕ ಪೆಟ್ಟಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಹೆಚ್ಚಾದರೆ ಲಸಿಕೆ ಸತ್ವ ಕಳೆದುಕೊಳ್ಳುತ್ತದೆ. ತೀರ ಕಡಿಮೆಯಾಗಿ ಹೆಪ್ಪುಗಟ್ಟಿದರೆ ಕೆಲವು ಲಸಿಕೆಗಳು ಹಾಳಾಗುತ್ತವೆ. ಕೈಯಲ್ಲಿರುವ ತಾಪಮಾಪಕ ಫ್ಯಾರನ್‌ಹೀಟ್ ತೋರಿಸುವಂಥದ್ದಾದರೆ ಎಷ್ಟರಿಂದ ಎಷ್ಟರವರೆಗೆ ಸರಿ? ಫ್ಯಾರನ್‌ಹೀಟ್ ಅಳತೆಯನ್ನು ಫ ಎಂದರೆ

2 ≤ 5(ಫ − 32)/9 ≤ 8

ಮೂರನ್ನೂ 9ರಿಂದ ಗುಣಿಸಿ 5ರಿಂದ ಭಾಗಿಸಿದರೆ 3.6 ≤ ಫ − 32 ≤ 14.4. ಮೂರಕ್ಕೂ 32 ಕೂಡಿದರೆ 35.6 ≤ ಫ ≤ 46.4. ಎಲ್ಲ ಕ್ರಿಯೆಗಳೂ ಧನ ಸಂಖ್ಯೆಗಳಿಂದ, ಚಿಹ್ನೆ ತಿರುಗುವ ಮಾತಿಲ್ಲ. ಎರಡು ತುದಿಗಳಲ್ಲೂ ತುಂಬಿದ ಚುಕ್ಕೆ.

ನಿರಾಕರಣೆಯ, ಅಂದರೆ ಷರತ್ತು ಪೂರೈಸದವು ಯಾವುವು ಎಂದು ಕೇಳುವ ಲೆಕ್ಕಕ್ಕೆ ಕುಡಿಯುವ ನೀರನ್ನು ತೆಗೆದುಕೊಳ್ಳಿ. ಭಾರತೀಯ ಮಾನಕದ ಪ್ರಕಾರ ಅದರ ಪಿಎಚ್ 6.5ರಿಂದ 8.5ರ ಒಳಗೆ ಇರಬೇಕು: 6.5 ≤ ಪ ≤ 8.5. ಈ ಪರೀಕ್ಷೆಯಲ್ಲಿ ಸೋಲುವ ನೀರು ಯಾವುದು? ಪ < 6.5 ಅಥವಾ ಪ > 8.5. ‘ಮತ್ತು’ ಹೋಗಿ ‘ಅಥವಾ’ ಬಂತು, ತುಂಬಿದ ಚುಕ್ಕೆಗಳು ಖಾಲಿಯಾದವು, ಮಸಿ ಬಿದ್ದ ಜಾಗ ಬರಿದಾಗಿ ಬರಿದಾಗಿದ್ದ ಜಾಗಕ್ಕೆ ಮಸಿ ಬಿತ್ತು. ಎರಡು ಎಲ್ಲೆಗಳಲ್ಲಿ ಒಂದನ್ನು ಮೀರಿದರೂ ಸೋಲೇ, ಹಾಗಾಗಿ ಇಲ್ಲಿ ‘ಅಥವಾ’ ಸಹಜವಾಗಿಯೇ ಬರುತ್ತದೆ.

ಮುಂದೆ ನಿರಪೇಕ್ಷ ಮೌಲ್ಯದ ಅಸಮತೆಗಳು ಬರುತ್ತವೆ. ಅವಕ್ಕೂ ಇದೇ ಬುನಾದಿ. |ಯ − 5| ಎಂದರೆ 5ರಿಂದ ಯಗೆ ಇರುವ ದೂರ. ದೂರ 2ಕ್ಕಿಂತ ಕಡಿಮೆ ಎಂದರೆ 3 < ಯ < 7, ‘ಮತ್ತು’. ದೂರ 2ಕ್ಕಿಂತ ಹೆಚ್ಚು ಎಂದರೆ ಯ < 3 ಅಥವಾ ಯ > 7, ನಿಮ್ಮದೇ ಲೆಕ್ಕ.

ನಿಮ್ಮ ಪಠ್ಯದಲ್ಲಿ ಇನ್ನೊಂದು ಬಲೆ ಇದೆ. ‘ಯ ಸ್ವಾಭಾವಿಕ ಸಂಖ್ಯೆಯಾದಾಗ’, ‘ಯ ಪೂರ್ಣಾಂಕವಾದಾಗ’, ‘ಯ ವಾಸ್ತವ ಸಂಖ್ಯೆಯಾದಾಗ’ ಎಂದು ಒಂದೇ ಲೆಕ್ಕವನ್ನು ಮೂರು ಬಗೆಯಲ್ಲಿ ಕೇಳುತ್ತಾರೆ. −4 ≤ ಯ < 4ಕ್ಕೆ ಸ್ವಾಭಾವಿಕ ಸಂಖ್ಯೆಗಳಲ್ಲಿ ಪರಿಹಾರ 1, 2, 3 ಮಾತ್ರ. ಪೂರ್ಣಾಂಕಗಳಲ್ಲಿ −4ರಿಂದ 3ರವರೆಗೆ ಎಂಟು. ಈ ಎರಡರ ನಕ್ಷೆಯಲ್ಲಿ ದಪ್ಪ ಗೆರೆ ಎಳೆಯಬಾರದು, ಬಿಡಿ ಚುಕ್ಕೆಗಳನ್ನಷ್ಟೇ ಇಡಬೇಕು. ಗೆರೆ ಎಳೆದರೆ 2.5 ಕೂಡ ಪರಿಹಾರ ಎಂದು ಹೇಳಿದಂತಾಗುತ್ತದೆ. ಪ್ರಶ್ನೆಯ ಈ ಪದಗಳ ಕೆಳಗೆ ಮೊದಲೇ ಗೆರೆ ಹಾಕಿಕೊಳ್ಳಿ.

ಇದನ್ನು ನೀವೇ ಬಿಡಿಸಿ ನೋಡಿ, ಯ ವಾಸ್ತವ ಸಂಖ್ಯೆ:

−1 ≤ (4 − ಯ)/3 < 2

−2 < ಯ ≤ 7 ಬರಬೇಕು. 7 ≤ ಯ < −2 ಬಂದಿದ್ದರೆ −1ರಿಂದ ಗುಣಿಸುವಾಗ ಚಿಹ್ನೆ ತಿರುಗಿಸಿಲ್ಲ. −2 ≤ ಯ < 7 ಬಂದಿದ್ದರೆ ತಿರುಗಿಸಿದ್ದೀರಿ, ಆದರೆ ಸಾಲನ್ನು ತಿರುವಿ ಬರೆಯುವಾಗ ಅಡಿಗೆರೆಯನ್ನು 7ರ ಜೊತೆ ಒಯ್ಯಲಿಲ್ಲ. −10 < ಯ ≤ −1 ಬಂದಿದ್ದರೆ 3ರಿಂದ ಗುಣಿಸಿದ ಮೇಲೆ 4ನ್ನು ಕಳೆಯುವ ಬದಲು ಕೂಡಿದ್ದೀರಿ.